ಅಕ್ಕನ ಪಾಸ್‌ವರ್ಡ್

ಕಸೂತಿ ಯಂತ್ರ ಬಂದದ್ದು ಭಾನುವಾರ ಬೆಳಿಗ್ಗೆ. ತಂದವರಿಬ್ಬರು ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ನೀರು ಕುಡಿದು ಹೋದರು. ಟೈಲರಮ್ಮ ದಾರ ಪೋಣಿಸಿ ಸ್ವಿಚ್ ಒತ್ತಿದಳು. ಶಾಲೆಯವರ ಅರವತ್ತು ಅಂಗಿಗಳ ಜೇಬಿನ ಮೇಲೆ ಲಾಂಛನ ಹೊಲಿಯುವ ಕೆಲಸ ಬುಧವಾರಕ್ಕೆ ಮುಗಿಯಬೇಕಿತ್ತು. ಲಾಂಛನದ ವಿನ್ಯಾಸ ಫೋನಿನಲ್ಲಿತ್ತು. ಅದು ಯಂತ್ರಕ್ಕೆ ಇಳಿಯಬೇಕಾದರೆ ಯಂತ್ರವೂ ಮನೆಯ ವೈಫೈಗೆ ಸೇರಬೇಕು. ಪುಟ್ಟ ಪರದೆಯ ಮೇಲೆ ಬೆರಳಿಟ್ಟಳು. ಅದು ಪಾಸ್‌ವರ್ಡ್ ಕೇಳಿತು.

ಪಾಸ್‌ವರ್ಡ್ ಗೊತ್ತಿದ್ದದ್ದು ಅಕ್ಕನಿಗೆ. ಈ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಹನ್ನೊಂದು ವರ್ಷ ಇದ್ದವರು ಅಕ್ಕತಂಗಿಯರಿಬ್ಬರೇ. ಹೊಲಿಗೆ, ಅಡುಗೆ ತಂಗಿಯದು. ಬಲ್ಬು, ನಲ್ಲಿ, ಫೋನು, ಅರ್ಜಿ ತುಂಬುವುದು ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಅಕ್ಕನದು. ಅಂಥ ಅಕ್ಕ ಐವತ್ತಮೂರನೇ ವಯಸ್ಸಿಗೆ ಕನ್ನಡಕದಂಗಡಿಯ ವಿಧುರನೊಬ್ಬನನ್ನು ಮದುವೆಯಾಗಿ, ವರ್ಗ ಮಾಡಿಸಿಕೊಂಡು ಅವನ ಊರಿಗೆ ಹೊರಟುಹೋದಳು. ಮದುವೆಯ ದಿನ, ಗಂಡಿನ ಚಿಕ್ಕಮ್ಮನ ಎದುರಿಗೇ ತಂಗಿಯ ಬಾಯಿ ಜಾರಿತ್ತು. ‘ಈ ವಯಸ್ಸಲ್ಲಿ ಇವಳಿಗೆ ಇದೆಲ್ಲ ಬೇಕಿತ್ತಾ?’ ಅಕ್ಕ ಕೇಳಿಸಿಕೊಂಡಿದ್ದಳು. ಆರು ವಾರವಾಯಿತು, ಇವಳೂ ಫೋನ್ ಮಾಡಿಲ್ಲ, ಅವಳೂ ಮಾಡಿಲ್ಲ.

ಟೈಲರಮ್ಮ ಅಮ್ಮನ ಹೆಸರು ಒತ್ತಿ ನೋಡಿದಳು. ಮನೆಯ ನಂಬರು, ತನ್ನ ಹುಟ್ಟಿದ ದಿನ, ಚಿಕ್ಕಂದಿನಲ್ಲಿ ದುಂಡಗಿದ್ದಾಗ ಅಕ್ಕ ಕರೆಯುತ್ತಿದ್ದ ‘ಗುಂಡಿ’. ಯಂತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಕೊನೆಗೆ ಅವಳಿಗೆ ಯಂತ್ರದ ಮೇಲಲ್ಲ, ಅಕ್ಕನ ಮೇಲೆ ಬೇಸರ ಬಂತು. ಇಷ್ಟು ವರ್ಷ ಜೊತೆಗಿದ್ದೂ ಪಾಸ್‌ವರ್ಡ್ ಇಡುವಾಗ ತನ್ನದೊಂದೂ ಅವಳ ನೆನಪಿಗೆ ಬರಲಿಲ್ಲವೇ?

ಫೋನ್ ಮಾಡಿ ಕೇಳಿದಾಗ ವೈಫೈ ಕಂಪನಿಯ ಸಹಾಯವಾಣಿಯ ಹುಡುಗಿ ಸುಲಭದ ದಾರಿ ಹೇಳಿದಳು. ವೈಫೈ ಡಬ್ಬದ ಹಿಂದಿನ ತೂತಿಗೆ ಸೂಜಿ ಚುಚ್ಚಿದರೆ ಹಳೆಯದೆಲ್ಲ ಅಳಿಸಿಹೋಗುತ್ತದಂತೆ, ಹೊಸದಾಗಿ ಶುರು ಮಾಡಬಹುದಂತೆ. ಸೂಜಿಗೆ ಆ ಮನೆಯಲ್ಲಿ ಬರವೇ? ಒಂದನ್ನು ಎತ್ತಿಕೊಂಡಳು, ತೂತಿನವರೆಗೂ ತಂದಳು. ಅಕ್ಕ ಮಾಡಿಟ್ಟದ್ದನ್ನು ಅಳಿಸಲು ಕೈ ಬರಲಿಲ್ಲ. ಸೂಜಿ ಕೆಳಗಿಟ್ಟು ಅಕ್ಕನಿಗೆ ಫೋನ್ ಮಾಡಿದಳು.

ಎತ್ತಿದ್ದು ಭಾವ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಹೇಳುತ್ತೇನೆ ಎಂದರು. ಅರ್ಧ ಗಂಟೆ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

“ಏನಾಯ್ತು? ಹುಷಾರಾಗಿದೀಯಾ?” ಅಕ್ಕನ ದನಿಯಲ್ಲಿ ಗಾಬರಿಯಿತ್ತು.

ವಿಷಯ ಕೇಳಿದ ಮೇಲೆ ಅವಳು ನಿಟ್ಟುಸಿರು ಬಿಟ್ಟಳು. “ಅಯ್ಯೋ ಪುಣ್ಯಾತ್ಗಿತ್ತಿ, ಡಬ್ಬ ತಿರುಗಿಸಿ ನೋಡು. ಕೆಳಗೆ ಅಂಟಿಸಿರೋ ಚೀಟಿಯಲ್ಲೇ ಇದೆ. ನಾನು ಅದನ್ನ ಬದಲಾಯಿಸಲೇ ಇಲ್ಲ.”

ತಿರುಗಿಸಿದಳು. ತಲೆಬುಡವಿಲ್ಲದ ಹನ್ನೆರಡು ಅಕ್ಷರ, ಅಂಕಿ, ಅಚ್ಚುಕಟ್ಟಾಗಿ ಅಚ್ಚಾಗಿದ್ದವು. ಆದರೂ, ಅಳಿಸಿಹೋಗಿದೆ, ಕಾಣುತ್ತಿಲ್ಲ ಎಂದಳು.

ಅಕ್ಕ ಎದ್ದ ಸದ್ದು, ಡ್ರಾಯರ್ ಎಳೆದ ಸದ್ದು ಕೇಳಿಸಿತು. ಬರೆದಿಟ್ಟುಕೊಂಡಿದ್ದಳು. ಕೌಂಟರಿನಲ್ಲಿ ಜನರಿಗೆ ಹೇಳುವಂತೆ ಒಂದೊಂದನ್ನೂ ಎರಡೆರಡು ಸಲ ಓದಿದಳು. ಟೈಲರಮ್ಮ ಒತ್ತುತ್ತ ಹೋದಳು. ಹಸಿರು ದೀಪ ಹೊತ್ತಿತು.

“ಕೊನೇದು ಇನ್ನೊಂದ್ಸಲ ಹೇಳು,” ಎಂದಳು.

ಅಕ್ಕ ಹೇಳಿದಳು. ಇನ್ನು ಕೇಳಲು ಏನೂ ಉಳಿಯಲಿಲ್ಲ.

“ಅವತ್ತು ನಾನು ಹಾಗೆ ಅನ್ನಬಾರದಿತ್ತು.”

ಆ ಕಡೆ ಪಾತ್ರೆಯ ಸದ್ದು, ಭಾವ ಕೆಮ್ಮಿದ ಸದ್ದು.

“ಹೌದು, ಅನ್ನಬಾರದಿತ್ತು,” ಎಂದಳು ಅಕ್ಕ. ಆಮೇಲೆ ಮೆಲ್ಲಗೆ, “ಹೋಗೋ ಮುಂಚೆ ಇದನ್ನೆಲ್ಲ ನಿನಗೆ ಹೇಳಿಕೊಡಬೇಕಿತ್ತು ನಾನು. ಸೇರ್ತಾ?”

“ಸೇರ್ತು.”

ರಜೆ ಸಿಕ್ಕಾಗ ಬರುತ್ತೇನೆ ಎಂದಳು ಅಕ್ಕ. ಯಾವಾಗ ಎಂದು ಹೇಳಲಿಲ್ಲ, ತಂಗಿಯೂ ಕೇಳಲಿಲ್ಲ.

ಫೋನಿಟ್ಟು ವಿನ್ಯಾಸ ಕಳಿಸಿ, ಮೊದಲ ಜೇಬನ್ನು ಚೌಕಟ್ಟಿಗೆ ಬಿಗಿದಳು. ಯಂತ್ರ ತನ್ನಷ್ಟಕ್ಕೆ ತಾನೇ ಹೊಲಿಯತೊಡಗಿತು. ಬಟ್ಟೆ ಹಿಡಿಯಬೇಕಿರಲಿಲ್ಲ, ಕಾಲು ಒತ್ತಬೇಕಿರಲಿಲ್ಲ. ಮೂವತ್ತು ವರ್ಷ ಬಿಡುವೇ ಕಾಣದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಸ್ವಲ್ಪ ಹೊತ್ತು ನಿಂತಳು. ಒಂದು ಜೇಬಿಗೆ ಏಳು ನಿಮಿಷ. ಇನ್ನೂ ಐವತ್ತೊಂಬತ್ತು ಇದ್ದವು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು.