ಸೋಮಿ ಬಚ್ಚಿಟ್ಟ ಹಂದಿಮರಿಗಳು

ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ರಸ್ತೆಯಂಚಿನ ಒಂದು ಕೇರಿಯಲ್ಲಿ ಸೋಮಿಯ ಮನೆ. ಗದ್ದೆ ಸ್ವಲ್ಪ, ತರಕಾರಿ ಸ್ವಲ್ಪ. ಸಂಸಾರ ನಡೆಯುವುದು ಮಾತ್ರ ಹಿತ್ತಲಾಚೆಯ ಹಂದಿಗೂಡಿನಿಂದ. ಗೂಡಿನಲ್ಲಿ ಒಂದು ತಾಯಿಹಂದಿ, ಅದರ ಮರಿಗಳು. ಮಗ ನರೇಶ ಬೆಳಿಗ್ಗೆ ಗೂಡ್ಸ್ ರಿಕ್ಷಾದಲ್ಲಿ ಪೇಟೆಯ ಹೋಟೆಲುಗಳ ಮುಸುರೆ ತರುತ್ತಿದ್ದ. ಅದನ್ನು ಕುದಿಸಿ ಹಂದಿಗಳಿಗೆ ಹಾಕುವುದು ಸೋಮಿಯ ಕೆಲಸ. ಸೊಸೆ ರಂಜಿತಾ ಏಳು ತಿಂಗಳ ಬಸುರಿ. ಅವಳ ಕೈಯಲ್ಲಿ ತುಂಬಿದ ಕೊಡ ಕಂಡರೂ ಸೋಮಿ ಓಡಿ ಬಂದು ಇಸಿದುಕೊಳ್ಳುತ್ತಿದ್ದಳು.

ಆ ಮಳೆಗಾಲ ಪಕ್ಕದ ಊರಿನಲ್ಲಿ ಕೆಲವರಿಗೆ ಕಾಮಾಲೆಯಾಯಿತು. ಕುಡಿಯುವ ನೀರು ಕೆಟ್ಟಿರಬೇಕು ಎಂದರು ಕೆಲವರು. ಹಂದಿಗಳಿಂದ ಬಂದಿರಬೇಕು ಎಂದರು ಇನ್ನು ಕೆಲವರು. ಅಂಗಡಿಯಲ್ಲಿ ನಿಂತಾಗ ಆ ಮಾತು ಸೋಮಿಯ ಕಿವಿಗೂ ಬಿತ್ತು. ಅವಳು ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದಳು.

ಅದೇ ವಾರ ಸ್ವಸಹಾಯ ಸಂಘದ ಸಭೆಯಲ್ಲಿ ಜಯಶ್ರೀ ಸುದ್ದಿ ತಂದಳು. ಜಯಶ್ರೀ ಅದೇ ಕೇರಿಯವಳು. ಪಶುಸಖಿಯಾಗಿ ತರಬೇತಿ ಪಡೆದು ಊರಿನ ದನ, ಆಡು, ಹಂದಿಗಳ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದಳು. ಪಶು ಆಸ್ಪತ್ರೆಯ ಡಾಕ್ಟರು ದಿವಾಕರ ಅವರು ಹಂದಿ ಸಾಕುವವರ ಮನೆಗಳಿಗೆ ಬರುತ್ತಾರೆ, ಹಂದಿಗಳ ರಕ್ತವನ್ನೂ ಮಲವನ್ನೂ ಪರೀಕ್ಷೆಗೆ ಒಯ್ಯುತ್ತಾರೆ, ಹೆಪಟೈಟಿಸ್ ಇ ಎಂಬ ಕಾಮಾಲೆಯ ವೈರಸ್ ಅವುಗಳಲ್ಲಿ ಇದೆಯೇ ಎಂದು ನೋಡುತ್ತಾರೆ ಎಂದಳು.

ಸೋಮಿಗೆ ಸಿಟ್ಟು ಬಂತು. "ನಮ್ಮ ಹಂದಿಗೆ ಎಂತ ಆಗ್ಯದೆ? ಚಲೋ ತಿಂತವೆ, ಮೈ ತುಂಬ್ಕಂಡವೆ. ಜಡ್ಡೇ ಇಲ್ದಿದ್ದಕ್ಕೆ ಸೂಜಿ ಎಂತಕ್ಕೆ?"

"ಹಂದಿ ಮೈಮೇಲೆ ಎಂತದೂ ತೋರೂದಿಲ್ಲ ಸೋಮಕ್ಕ," ಎಂದಳು ಜಯಶ್ರೀ. "ಜ್ವರ ಇಲ್ಲ, ತಿಂಬುದು ಬಿಡೂದಿಲ್ಲ. ಆದ್ರೆ ಅದ್ರ ಹೊಲಸಿನ ಸಂಗಡ ವೈರಸ್ ಹೊರಗೆ ಬತ್ತದೆ. ಕಣ್ಣಿಗೆ ಕಾಣೂದಲ್ಲ ಅದು. ಪರೀಕ್ಷೆ ಮಾಡಿದ್ರೇ ತಿಳಿಯೂದು."

ಸೋಮಿ ಆತು ಎಂದಳು. ಆದರೆ ಮನಸ್ಸು ಒಪ್ಪಲಿಲ್ಲ. ಎಲ್ಲೋ ಹಂದಿಜ್ವರ ಬಂದಾಗ ಹಂದಿಗಳನ್ನೆಲ್ಲ ಕೊಂದು ಗುಂಡಿಯಲ್ಲಿ ಹುಗಿದರೆಂದು ಅವಳು ಕೇಳಿದ್ದಳು. ಇಲ್ಲಿಯೂ ಹಾಗಾದರೆ ಗೂಡು ಖಾಲಿ. ಅದಾದರೂ ಹೋಗಲಿ, ಊರಿಗೆ ಕಾಮಾಲೆ ಹಬ್ಬಿಸಿದವಳು ಎಂಬ ಹೆಸರು ಹೊತ್ತು ಬದುಕುವುದು ಹೇಗೆ?

ಡಾಕ್ಟರು ಬರುವ ದಿನ ಬೆಳಿಗ್ಗೆಯೇ ಅವಳು ಹಾಲು ಬಿಟ್ಟ ಮರಿಗಳನ್ನೆಲ್ಲ ಕಟ್ಟಿಗೆ ಇಡುವ ಕೊಟ್ಟಿಗೆಗೆ ಸಾಗಿಸಿದಳು. ತಾಯಿಹಂದಿಗೆ ವಯಸ್ಸಾಗಿದೆ, ಹೋದರೆ ಅದೊಂದೇ ಹೋಗಲಿ ಎಂಬ ಲೆಕ್ಕ ಅವಳದು. ಆ ಕೊಟ್ಟಿಗೆ ಅಡುಗೆಮನೆಗೆ ತಾಗಿಕೊಂಡೇ ಇತ್ತು, ಬಾವಿಯೂ ಅಲ್ಲೇ ಪಕ್ಕದಲ್ಲಿ. ಮರಿಗಳು ಕೂಗದಂತೆ ನೋಡಿಕೊಳ್ಳಲು ಸೊಸೆಗೆ ಹೇಳಿದಳು.

ಡಾಕ್ಟರು ತಾಯಿಹಂದಿಯ ರಕ್ತ, ಮಲ ತೆಗೆದುಕೊಂಡರು. ಮರಿಗಳೆಲ್ಲಿ ಎಂದು ಜಯಶ್ರೀ ಕೇಳಿದಾಗ, ಮಾರಿ ಆತು ಎಂದು ಸೋಮಿ ಬೇರೆ ಕಡೆ ನೋಡಿದಳು.

ವರದಿ ಬರುವ ತನಕ ಮರಿಗಳು ಅಲ್ಲೇ ಉಳಿದವು. ರಂಜಿತಾಗೆ ಅವುಗಳ ಮೇಲೆ ಅಕ್ಕರೆ. ಅಕ್ಕಿ ತೊಳೆದ ಅಕ್ಕಚ್ಚಿಗೆ ಅನ್ನ ಕಲಸಿ ಕೈಯಿಂದಲೇ ತಿನ್ನಿಸುತ್ತಿದ್ದಳು. ವಾಸನೆ ಬಂದರೆ ಯಾರಿಗಾದರೂ ತಿಳಿದೀತೆಂದು ಹೊಲಸು ಬಳಿದು ನೆಲ ತೊಳೆಯುತ್ತಿದ್ದಳು. ತೊಳೆದ ನೀರು ಬಾವಿಕಟ್ಟೆಯತ್ತ ಹರಿಯುತ್ತಿತ್ತು. ಅದು ಯಾರ ಗಮನಕ್ಕೂ ಬರಲಿಲ್ಲ.

ಕೆಲವು ದಿನಗಳ ಮೇಲೆ ಡಾಕ್ಟರೂ ಜಯಶ್ರೀಯೂ ಬಂದು ಜಗಲಿಯಲ್ಲಿ ಕೂತರು. ತಾಯಿಹಂದಿಯ ಮಲದಲ್ಲಿ ವೈರಸ್ ಸಿಕ್ಕಿಲ್ಲ ಎಂದರು. ಸೋಮಿಯ ಎದೆ ಹಗುರಾಯಿತು. ಚಾ ಮಾಡಲು ಸೊಸೆಗೆ ಕೂಗಿ ಹೇಳಿದಳು.

ಡಾಕ್ಟರ ಮಾತು ಮುಗಿದಿರಲಿಲ್ಲ. "ಆದರೆ ರಕ್ತ ಬೇರೆ ಹೇಳ್ತದೆ. ಈ ಹಂದಿಗೆ ಹಿಂದೆ ಯಾವಾಗಲೋ ಸೋಂಕು ಬಂದು ಹೋಗಿದೆ. ಅಂದ್ರೆ ನಿಮ್ಮ ಗೂಡಿಗೆ ವೈರಸ್ ಬಂದಿತ್ತು. ಹಾಲು ಬಿಟ್ಟ ಮರಿಗಳಲ್ಲಿ ಇದು ಹೆಚ್ಚು. ನೀವು ಮರಿ ಕೊಟ್ಟವರ ಮನೆಯಲ್ಲಿ ಬಸುರಿಯರಿದ್ರೆ ದೂರ ಇರೋಕೆ ಹೇಳ್ಬೇಕು. ಬಸುರಿಯರಿಗೆ ಈ ಕಾಮಾಲೆ ಬಂದ್ರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದು."

ಅಷ್ಟರಲ್ಲಿ ರಂಜಿತಾ ಚಾ ಹಿಡಿದು ಹೊರಗೆ ಬಂದಳು. ಕೊಟ್ಟಿಗೆ ತೊಳೆದು ಬಂದವಳ ಸೀರೆಯಂಚು ಇನ್ನೂ ಒದ್ದೆಯಾಗಿತ್ತು. ಸೋಮಿ ಆ ಅಂಚನ್ನೇ ನೋಡಿದಳು. ಎದ್ದು ಸೊಸೆಯ ಕೈಯಿಂದ ತಟ್ಟೆ ಇಸಿದುಕೊಂಡು ಕೆಳಗಿಟ್ಟಳು.

"ನೀ ಕೈ ತೊಳ್ಕ ಹೋಗು. ಸೋಪು ಹಾಕಿ ತೊಳ್ಕ," ಎಂದಳು. ಆಮೇಲೆ ಸೀದಾ ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದಳು.

"ಮಾರ್ಲಿಲ್ಲ ಸರ್. ಎಲ್ಲಾ ಇಲ್ಲೇ ಅವೆ. ಕೊಲ್ತ್ರು ಅಂತ ಹೆದ್ರಿ ಅಡಗಿಸಿಟ್ಟೆ. ಇವುಗಳ ಹೊಲಸು ಬಳ್ದದ್ದು ನನ್ನ ಸೊಸೆ."

ಡಾಕ್ಟರು ಬೈಯಲಿಲ್ಲ. "ಈ ವೈರಸ್ ಸಿಕ್ತು ಅಂತ ಹಂದಿ ಕೊಲ್ಲೋದಿಲ್ಲ ಅಮ್ಮ. ಕೆಲವು ವಾರದಲ್ಲಿ ಅವು ತಾವಾಗೇ ಗುಣ ಆಗ್ತವೆ. ಅಲ್ಲೀವರೆಗೆ ನಾವು ಹುಷಾರಾಗಿರ್ಬೇಕು, ಅಷ್ಟೇ," ಎಂದರು.

ಅಂದೇ ಪರೀಕ್ಷೆಗೆ ಒಯ್ದ ಮರಿಗಳ ಮಲದಲ್ಲಿ ವೈರಸ್ ಸಿಕ್ಕಿತು. ರಂಜಿತಾಳನ್ನು ನರೇಶ ತಾಲೂಕು ಆಸ್ಪತ್ರೆಗೆ ಕರೆದೊಯ್ದ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಸೋಂಕು ತಗಲಿದ್ದರೂ ತೋರಲು ಕೆಲವು ವಾರ ಹಿಡಿಯಬಹುದು, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ವಾಂತಿ ಬಂದರೆ ತಡಮಾಡದೆ ಬನ್ನಿ ಎಂದರು ಅಲ್ಲಿಯ ಡಾಕ್ಟರು. ಆ ದಿನಗಳಲ್ಲಿ ಸೋಮಿಗೆ ಊಟ ಸೇರಲಿಲ್ಲ. ಬೆಳಗಾದರೆ ಸೊಸೆಯನ್ನು ಅಂಗಳಕ್ಕೆ ಕರೆದು ಬಿಸಿಲಿನಲ್ಲಿ ಅವಳ ಕಣ್ಣು ನೋಡುತ್ತಿದ್ದಳು.

ಎರಡನೇ ಪರೀಕ್ಷೆಯಲ್ಲೂ ಸೋಂಕು ಇರಲಿಲ್ಲ. ಅದನ್ನು ಕೇಳಿ ಸೋಮಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದಿನ ತುಂಬಿ ರಂಜಿತಾ ಹೆಣ್ಣುಮಗು ಹೆತ್ತಳು.

ಅಷ್ಟರೊಳಗೆ ಮನೆಯಲ್ಲಿ ಬಹಳ ಬದಲಾಗಿತ್ತು. ಮರಿಗಳು ಗೂಡಿಗೆ ಹಿಂದಿರುಗಿದ್ದವು. ನರೇಶ ಗೂಡಿನ ಚರಂಡಿಯನ್ನು ಬಾವಿಯಿಂದ ದೂರಕ್ಕೆ ತಿರುಗಿಸಿ ಗೊಬ್ಬರಗುಂಡಿಗೆ ಬಿಟ್ಟಿದ್ದ. ಬಾವಿ ಶುದ್ಧ ಮಾಡಿಸಿದ ಮೇಲೂ ಮನೆಯಲ್ಲಿ ಕುದಿಸಿದ ನೀರೇ ಕುಡಿಯುತ್ತಿದ್ದರು. ಗೂಡಿಗೆಂದೇ ಸೋಮಿ ಬೇರೆ ಚಪ್ಪಲಿ ಇಟ್ಟುಕೊಂಡಳು. ಮಾಂಸ ಕೊಳ್ಳಲು ಬಂದವರಿಗೆ, ಈ ವೈರಸ್ ಲಿವರಿನಲ್ಲಿ ಇರಬಹುದು, ಒಳಗೆ ಕೆಂಪು ಉಳಿಯದಂತೆ ಬೇಯಿಸಿ ಎಂದು ಹೇಳಿಯೇ ಕಳಿಸುತ್ತಿದ್ದಳು. ಪಕ್ಕದ ಊರಿನ ಕಾಮಾಲೆ ಎಲ್ಲಿಂದ ಬಂತೆಂದು ಅವಳು ಡಾಕ್ಟರನ್ನು ಕೇಳಿದ್ದಳು. ಪರೀಕ್ಷಿಸದೆ ಯಾರ ಮೇಲೂ ಹೊರಿಸಬಾರದು, ಕೊಳಕು ನೀರಿನಿಂದ ಬರುವುದೇ ಹೆಚ್ಚು ಎಂದಿದ್ದರು ಅವರು. ಆ ಮಾತನ್ನು ಸೋಮಿ ಸಂಘದಲ್ಲಿ ಎಲ್ಲರೆದುರು ಹೇಳಿದಳು. ತಾನು ಮರಿ ಅಡಗಿಸಿಟ್ಟದ್ದನ್ನೂ ಹೇಳಿದಳು.

ಭಟ್ಕಳ, ಹೊನ್ನಾವರ, ಕುಮಟಾದ ಹಂದಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಹಂದಿ ಗಟ್ಟಿಯಾಗಿದೆ ಎಂದು ಪರೀಕ್ಷೆ ಬೇಡವೆನ್ನಬೇಡಿ. ಗೂಡಿನ ಕೆಲಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯಿರಿ. ಗೂಡಿನ ನೀರು ಬಾವಿಗೆ, ಹಳ್ಳಕ್ಕೆ ಸೇರದಿರಲಿ. ಬಸುರಿಯರನ್ನು ಆ ಕೆಲಸದಿಂದ ದೂರವಿಡಿ. ಪಶುಸಖಿಯೋ ಡಾಕ್ಟರೋ ನಿಮ್ಮ ಮನೆಗೆ ಬಂದಾಗ, ಹಾಲು ಬಿಟ್ಟ ಸಣ್ಣ ಮರಿಗಳನ್ನೇ ಮೊದಲು ತೋರಿಸಿ.