ಅಳಿಲು ಬಚ್ಚಿಟ್ಟದ್ದು

“ಇನ್ನೊಂದೇ ಡಬ್ಬ ಕಣೇ,” ಎಂದ ಗಂಡ, ನೆಲಕ್ಕೂರಿದ ಮೊಣಕಾಲು ಕೀಳದೆ, ತಲೆಯನ್ನೂ ಎತ್ತದೆ.

ಆ ‘ಇನ್ನೊಂದೇ ಡಬ್ಬ’ ಮೊನ್ನೆ ಬೆಳಿಗ್ಗೆಯಿಂದ ನಡೆಯುತ್ತಲೇ ಇತ್ತು. ಹಳೆಯ ಗ್ರಾಮಫೋನ್ ರೆಕಾರ್ಡುಗಳ ಆ ಅಂಗಡಿಯ ಬಾಗಿಲ ಪಕ್ಕ ಒಂದು ಗಿಡ್ಡ ಸ್ಟೂಲಿತ್ತು. ಪರದೇಶ ನೋಡಲು ಬಂದ ಹೆಂಡತಿ ಮೂರು ದಿನದಿಂದ ನೋಡಿದ್ದೆಲ್ಲ ಆ ಸ್ಟೂಲಿನ ಮೇಲಿಂದಲೇ. ಪ್ರವಾಸದ ಟಿಕೆಟ್ಟು ಮಾಡಿಸಿಕೊಟ್ಟವನು ಅವಳ ಅಣ್ಣ. “ಗಾಳಿ ಬದಲಾಯಿಸ್ಕೊಂಡು ಬನ್ನಿ. ಹೀಗೇ ಗೋಡೆ ನೋಡ್ಕೊಂಡು ಕೂತ್ರೆ ಇಬ್ಬರಿಗೂ ಹುಚ್ಚು ಹಿಡಿಯುತ್ತೆ” ಎಂದಿದ್ದ. ಊರನ್ನು ಆರಿಸಿದವನು ಮಾತ್ರ ಗಂಡ. ಮೂರು ವರ್ಷದ ಹಿಂದೆ ಮಗಳ ಜೊತೆ ಬಂದಿದ್ದ ಊರನ್ನೇ ಅವನು ಮತ್ತೆ ಆರಿಸಿದಾಗ, ಕೊನೆಗೂ ಇವರ ಬಾಯಲ್ಲಿ ಮಗಳ ಮಾತು ಬರುತ್ತದೆ ಎಂದು ಅವಳು ಆಸೆಪಟ್ಟಿದ್ದಳು. ಬಂದದ್ದು ಡಬ್ಬದ ಮಾತು.

ಇವತ್ತು ಕೊನೆಯ ದಿನ. ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚುತ್ತದೆ, ಸಂಜೆ ವಿಮಾನ. ಗೋಡೆಯ ಗಡಿಯಾರದಲ್ಲಿ ಒಂದೂಕಾಲು.

ಗಂಡನ ಕೈ ಡಬ್ಬದೊಳಗೆ ಚಕಚಕ ಓಡುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗಾಜು ಉಜ್ಜಿದ ಕೈ ಅದು, ಎಲ್ಲಿ ಮುಟ್ಟಿದರೂ ನಾಜೂಕು. ಡಬ್ಬಗಳಲ್ಲಿ ಇದ್ದದ್ದು ಬರೀ ಕವರುಗಳು. ರೆಕಾರ್ಡಿನ ತಟ್ಟೆಗಳನ್ನೆಲ್ಲ ಮುದುಕ ಅಂಗಡಿಯವನು ಬಿಳಿ ಕಾಗದದಲ್ಲಿ ಸುತ್ತಿ ಬೆನ್ನ ಹಿಂದಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಕವರು ಒಯ್ದು ಕೊಟ್ಟರೆ ಅದರ ಮೂಲೆಯ ನಂಬರು ನೋಡಿ ತಟ್ಟೆ ತೆಗೆಯುತ್ತಿದ್ದ. ಗಂಡ ಮೂರು ದಿನದಲ್ಲಿ ಒಂದೂ ಒಯ್ದಿರಲಿಲ್ಲ.

“ಊರು ನೋಡೋಕೆ ಬಂದ್ವಾ, ಧೂಳು ತಿನ್ನೋಕೆ ಬಂದ್ವಾ?” ಎಂದಳು.

ಗಂಡ ಮುಂದಿನ ಕವರು ಸರಿಸಿದ.

“ನಿಮ್ಮ ಚಟಕ್ಕೆ ನನ್ನ ಯಾಕ್ರೀ ಎಳ್ಕೊಂಡು ಬಂದ್ರಿ? ಅವಳು ಹೋಗಿ ಹನ್ನೊಂದು ತಿಂಗಳಾಯ್ತು. ಒಂದು ದಿನ, ಒಂದೇ ಒಂದು ದಿನ ಅವಳ ವಿಷಯ ಎತ್ತಿದ್ದೀರಾ? ನಾನು ಎತ್ತಿದ್ರೆ ಎದ್ದು ಹೋಗ್ತೀರಿ. ನಾನೇನು ಗೋಡೆ ಹತ್ರ ಮಾತಾಡ್ಲಾ?”

ಗಂಡನ ಕೈ ನಿಂತಿತು. ಹಿಮ್ಮಡಿಯ ಮೇಲೆ ಕುಕ್ಕರಿಸಿ ಕೂತ.

“ಚಟ ಅಲ್ಲ ಕಣೇ. ಅಳಿಲು ಬಚ್ಚಿಟ್ಟಿದ್ದು ಹುಡುಕ್ತಿದ್ದೀನಿ.”

ಅಳಿಲು ಅಂದರೆ ಮಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಚ್ಚಿಡುವವಳು ಎಂದು ಆ ಹೆಸರು. ಅಪ್ಪನ ಕನ್ನಡಕ ಹಿಟ್ಟಿನ ಡಬ್ಬಿಯಲ್ಲಿ, ಚಿಕ್ಕಪ್ಪನ ಬೈಕಿನ ಕೀಲಿ ಹೂಕುಂಡದಲ್ಲಿ. ಅವಳು ಹೋದ ಮೂರನೆಯ ವಾರ, ಹೊಲಿಗೆಗೆ ಕೂತ ತಾಯಿಗೆ ಅಳತೆಯ ಟೇಪು ಎಷ್ಟು ಹುಡುಕಿದರೂ ಸಿಗದೆ, ಹೊಸದು ತರಲು ಹೊರಡೋಣವೆಂದು ಚಪ್ಪಲಿಗೆ ಕಾಲು ಹಾಕಿದರೆ ಪಕ್ಕದ ಪುಟ್ಟ ಶೂ ಒಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಆ ಟೇಪನ್ನು ತಾಯಿ ಮತ್ತೆ ಬಳಸಿರಲಿಲ್ಲ.

“ಆವತ್ತು ಇಲ್ಲಿಗೆ ನಾನೂ ಅವಳೂ ಬಂದಿದ್ವಲ್ಲ, ನೀನು ರೂಮಲ್ಲಿ ತಲೆನೋವು ಅಂತ ಮಲಗಿದ್ದೆ. ನನಗೆ ಒಂದು ರೆಕಾರ್ಡು ತುಂಬಾ ಇಷ್ಟ ಆಯ್ತು. ಕವರಿನ ಮೇಲೆ ಹಳದಿ ಕೊಡೆ, ಕೊಡೆ ಕೆಳಗೆ ಕುದುರೆ. ತಗೊಳ್ಳಲಾ ಬೇಡ್ವಾ ಅಂತ ನಾನು ಎಳೆದಾಡೋ ಅಷ್ಟರಲ್ಲಿ ಮುದುಕ ಬಾಗಿಲು ಹಾಕೋಕೆ ನಿಂತ. ‘ನಾಳೆ ತಗೊಳ್ಳೋಣ ಅಪ್ಪ, ಯಾರಿಗೂ ಸಿಗದ ಹಾಗೆ ಇಟ್ಟಿದ್ದೀನಿ’ ಅಂದ್ಲು. ಮರುದಿನ ಅಂಗಡಿ ರಜ. ಊರಿಗೆ ಬಂದ ಮೇಲೆ ಎಷ್ಟು ಕೇಳಿದ್ರೂ ‘ಹೋದಾಗ ತೋರಿಸ್ತೀನಿ’ ಅಂತ ನಗೋಳು.”

ಅವನು ಬೆರಳಿನ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ.

“ಆಸ್ಪತ್ರೇಲಿ ಕೊನೇ ದಿನ, ನೀನು ಔಷಧಿ ತರೋಕೆ ಹೋಗಿದ್ದೆ. ‘ಅಪ್ಪ, ಕುದುರೆ ಎಲ್ಲಿದೆ ಅಂತ ಹೇಳಿಬಿಡ್ತೀನಿ’ ಅಂದ್ಲು. ಈಗ ಬೇಡ ಪುಟ್ಟ, ಹೋದಾಗ ನೀನೇ ತೋರಿಸು ಅಂದೆ. ಇಲ್ಲ ಹೇಳ್ತೀನಿ ಅಂದ್ಲು. ಬೇಡ ಅಂದೆ. ಬಾಯಿ ಮೇಲೆ ಕೈ ಇಟ್ಟೆ ಕಣೇ.”

ಅಂಗಡಿಯವನು ಎಣ್ಣೆಯ ಬಟ್ಟೆಯಿಂದ ಯಾವುದೋ ಹಳೆಯ ಯಂತ್ರದ ತೋಳು ಒರೆಸುತ್ತಿದ್ದ.

“ಹೇಳೋಕೆ ಬಂದಿದ್ಲು,” ಎಂದಳು ಹೆಂಡತಿ. ದನಿ ಏರಲಿಲ್ಲ. “ನಾನು ಬರೋ ಹೊತ್ತಿಗೆ ಮಾತೇ ನಿಂತಿತ್ತು. ನನ್ನ ಪಾಲಿಗೆ ಒಂದು ಅಕ್ಷರ ಸಿಗಲಿಲ್ಲ. ನಿಮ್ಮ ಪಾಲಿಗೆ ಬಂದಿದ್ದನ್ನ ನೀವು ಬಾಯಿ ಮುಚ್ಚಿಸಿ ಕಳಿಸಿದ್ರಿ.”

ಗಂಡ ಮತ್ತೆ ಡಬ್ಬಕ್ಕೆ ಕೈ ಹಾಕಿದ.

“ಬಿಡ್ರೀ ಅದನ್ನ. ಕವರನ್ನ ಕವರುಗಳ ಮಧ್ಯೆ ಬಚ್ಚಿಡೋಳಾ ಅವಳು? ನಿಮ್ಮ ಮಗಳು ನಿಮಗೆ ಗೊತ್ತೇ ಇಲ್ಲ.”

ಅವಳು ಸ್ಟೂಲಿನ ಮೇಲೆ ಕೂತಲ್ಲಿಂದಲೇ ಅಂಗಡಿಯನ್ನು ಮೊದಲ ಸಲ ಗಮನವಿಟ್ಟು ನೋಡಿದಳು. ಅಷ್ಟು ತಗ್ಗಿನಲ್ಲಿ ಕೂತಾಗ ಅವಳ ಕಣ್ಣು ಆವತ್ತಿನ ಎಂಟು ವರ್ಷದ ಮಗಳ ಎತ್ತರಕ್ಕಿತ್ತು. ಎದುರಿನ ಮರದ ಕಪಾಟಿಗೂ ಗೋಡೆಗೂ ನಡುವೆ, ನೆಲದ ಹತ್ತಿರ, ಎರಡು ಬೆರಳಗಲದ ಸಂದು. ನಿಂತವರಿಗೆ ಅದು ಕಾಣುವಂತಿರಲಿಲ್ಲ. ಅವಳು ಎದ್ದು ಹೋಗಿ, ನೆಲದಲ್ಲಿ ಕೂತು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳನ್ನು ಸಂದಿಯೊಳಗೆ ತೂರಿಸಿದಳು. ಕೈಯ ಗೆಣ್ಣು ತರಚಿತು. ಬೆರಳ ತುದಿಗೆ ರಟ್ಟು ತಾಗಿತು.

ಹಳದಿ ಕೊಡೆ ಮಾಸಿತ್ತು. ಕುದುರೆಯ ಕಾಲ ಬಳಿ ತೇವ ತಿಂದ ಗುರುತು. ಗಂಡ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದ್ದ; ಕೌಂಟರಿನವರೆಗಿನ ನಾಲ್ಕು ಹೆಜ್ಜೆಗೆ ಅವನಿಗೆ ಬಹಳ ಹೊತ್ತು ಹಿಡಿಯಿತು.

ಅಂಗಡಿಯವನು ಕವರು ನೋಡಿ ಕೌಂಟರಿಗೆ ಗುದ್ದಿದ. ಅವನಿಗೂ ಇವರಿಗೂ ಸ್ವಂತದ್ದಲ್ಲದ ಹರಕು ಭಾಷೆಯಲ್ಲಿ, “ಸಿಕ್ತಾ! ಮೂರು ವರ್ಷ! ಅಂಗಡಿ ತಲೆಕೆಳಗು ಮಾಡಿ ಹುಡುಕಿದೀನಿ. ಯಾವ ಕತ್ತೆ ಬಚ್ಚಿಟ್ಟಿತ್ತು?” ಎಂದ.

“ನನ್ನ ಮಗಳು,” ಎಂದಳು ಹೆಂಡತಿ.

“ಹೌದಾ!” ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಕರ್ಕೊಂಡು ಬನ್ನಿ, ಕಿವಿ ಹಿಂಡ್ತೀನಿ.”

ಗಂಡ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದ. “ತಟ್ಟೆ?”

ಮುದುಕನ ನಗು ಇಳಿಯಿತು. ಕವರಿಲ್ಲದ ತಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಅಂಥವನ್ನೆಲ್ಲ ಕಳೆದ ಚಳಿಗಾಲದಲ್ಲಿ ಬಿಸಿ ಮಾಡಿ, ಬಗ್ಗಿಸಿ, ಬಟ್ಟಲು ಮಾಡಿದ್ದಾಗಿತ್ತು. ಅವು ಚೆನ್ನಾಗಿ ಹೋಗುತ್ತವೆ. ಅವನು ಮುಜುಗರದಿಂದ ಕೌಂಟರಿನ ತುದಿಯಲ್ಲಿದ್ದ ಕಪ್ಪು ಬಟ್ಟಲನ್ನು ಎಳೆದುಕೊಂಡ. ಒಳಗಿದ್ದ ಕೀಲಿ, ರಬ್ಬರ್ ಬ್ಯಾಂಡು, ಮುರಿದ ಪೆನ್ನು ಸುರಿದು, ತಳದ ಲೇಬಲ್ಲನ್ನು ಅಂಗಿಯ ತುದಿಯಿಂದ ಒರೆಸಿದ. ಕವರಿನ ನಂಬರೇ.

“ಇದೊಂದು ನನಗೆ ಅಂತ ಇಟ್ಕೊಂಡಿದ್ದೆ,” ಎಂದ. “ತಗೊಳ್ಳಿ. ಹುಡುಗಿಗೆ ಕೊಡಿ.”

ವಿಮಾನ ನಿಲ್ದಾಣದ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು. ಕವರು ಅವಳ ತೊಡೆಯ ಮೇಲೆ, ಬಟ್ಟಲು ಗಂಡನ ತೊಡೆಯ ಮೇಲೆ. ಎರಡು ಸ್ಟಾಪು ಕಳೆದವು. ಅವಳು ಅವನ ಕಡೆ ತಿರುಗಿರಲಿಲ್ಲ.

ಅವನು ಹೆಬ್ಬೆರಳ ಉಗುರನ್ನು ಬಟ್ಟಲಿನ ಅಂಚಿಗೆ ಒತ್ತಿ, ಹಾಡಿನ ಗೆರೆಯ ಗುಂಟ ಗ್ರಾಮಫೋನಿನ ಸೂಜಿಯಂತೆ ಮೆಲ್ಲಗೆ ಒಳಗಿನವರೆಗೆ ಎಳೆದ. ಜಿರ್ರೆಂದು ಒಂದು ಸಣ್ಣ ಸದ್ದು ಬಂತು, ಬಸ್ಸಿನ ಗದ್ದಲದಲ್ಲಿ ಪಕ್ಕದವರಿಗೆ ಮಾತ್ರ ಕೇಳುವಷ್ಟು.

ಹೆಂಡತಿ ಹೊರಗೇ ನೋಡುತ್ತಿದ್ದಳು. ಅವನು ಉಗುರನ್ನು ಮತ್ತೆ ಅಂಚಿಗೆ ಇಟ್ಟಾಗ, ಅವಳು ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು.