ಪಟ್ಟಿಯಲ್ಲಿಲ್ಲದ ಐಸ್ ಗಾಡಿ

ಮಿನ್ನೆಸೋಟದ ನಮ್ಮ ಶಾಲೆಯಲ್ಲಿ ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವವಳು ನಾನು. ಫೆಬ್ರವರಿ ಬಂತೆಂದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಕೊನೆಯ ವರ್ಷದ ಮಕ್ಕಳ ಅರ್ಧವಾರ್ಷಿಕ ಅಂಕಗಳನ್ನು ಕಾಲೇಜುಗಳಿಗೆ ಕಳಿಸುತ್ತಿದ್ದಾಗ ಸೋಲ್ವೇಗ್ ಹಾಗೆನ್‌ಳ ಹಾಳೆಯಲ್ಲಿ ಕ್ಯಾಲ್ಕುಲಸ್ಸೇ ಇರಲಿಲ್ಲ. ನವೆಂಬರಿನಲ್ಲಿ ಅವಳ ನಮೂನೆಯಲ್ಲಿ ‘ಶಾಲೆಯ ಅತಿ ಕಠಿಣ ವಿಷಯಗಳನ್ನು ಓದುತ್ತಿದ್ದಾಳೆ’ ಎಂಬ ಚೌಕಕ್ಕೆ ಟಿಕ್ ಹಾಕಿದವಳು ನಾನೇ. ಮೈಯೆಲ್ಲ ಉರಿಯಿತು. ಹುಡುಗಿಯನ್ನು ಕರೆಸಿದೆ.

“ಯಾವಾಗ ಬಿಟ್ಟೆ?”

“ಡಿಸೆಂಬರಲ್ಲಿ. ಅರ್ಜಿ ಹೋದ್ಮೇಲೆ ಯಾರೂ ನೋಡಲ್ಲ ಅಂತಾರಲ್ಲ ಎಲ್ರೂ.”

“ಎಲ್ರೂ ಅಂದ್ರೆ ಯಾರು, ನಿನ್ನ ಪಕ್ಕದ ಬೆಂಚಿನವ್ರಾ? ನೂರು ಜನಕ್ಕೆ ಹತ್ತು ಸೀಟು ಕೊಡೋ ಕಾಲೇಜು ಕಣೇ ಅದು! ಕೊನೇ ವರ್ಷ ಸಡಿಲ ಬಿಟ್ಟೆಯಾ ಅಂತಾನೇ ಮೊದ್ಲು ನೋಡೋದು.”

ಅವಳು ತಲೆ ತಗ್ಗಿಸಿದಳು. “ತಾತನ ಸೊಂಟ ಮುರೀತು, ಮಿಸೆಸ್ ಟೋರ್ಸನ್. ಐಸ್ ಗಾಡಿ ಓಡ್ಸೋರಿಲ್ಲ. ಎಲ್ಲಾ ಮುಗ್ಸೋಷ್ಟರಲ್ಲಿ ಎಂಟೂವರೆ ಆಗತ್ತೆ. ಕ್ಯಾಲ್ಕುಲಸ್ ಎಂಟಕ್ಕೆ.”

ಊರಿನ ಸ್ಕೇಟಿಂಗ್ ಅಂಗಳದ ಮಂಜುಗಡ್ಡೆಯನ್ನು ದಿನಾ ಬೆಳಿಗ್ಗೆ ನುಣುಪು ಮಾಡುವ ಗಾಡಿ ಅದು. ನಾನು ಅವಳ ಅರ್ಜಿ ತೆಗೆದೆ. ಪಾಠದಾಚೆಯ ಚಟುವಟಿಕೆಗಳಿಗೆ ಹತ್ತು ಸಾಲು, ಹತ್ತೂ ಭರ್ತಿ.

“ಚೆಸ್ ಕ್ಲಬ್ಬಿಗೆ ಎಷ್ಟು ಸಲ ಹೋಗಿದೀಯ?”

“ಎರಡು. ಪಿಜ್ಜಾ ಇತ್ತು.”

“ಐಸ್ ಗಾಡಿ ಎಲ್ಲಿ ಇದ್ರಲ್ಲಿ?”

“ಎರಡು ವರ್ಷದಿಂದ ಶನಿವಾರ ತಾತನ ಜೊತೆ ಓಡಿಸ್ತಿದ್ದೆ. ಆದ್ರೆ ಅದು ಚಟುವಟಿಕೆ ಅಲ್ವಲ್ಲ. ಕೆಲ್ಸ.”

ನನಗೆ ಅವಳ ಮೇಲಿದ್ದ ಕೋಪ ನನ್ನ ಮೇಲೇ ತಿರುಗಿತು. ನಾಲ್ಕು ವರ್ಷ ಎದುರಿಗೆ ಕೂತವಳನ್ನು ಒಮ್ಮೆಯೂ ಸರಿಯಾಗಿ ಕೇಳಿರಲಿಲ್ಲ.

“ಕೂತ್ಕೋ. ಬಿಟ್ಟಿದ್ದು ಯಾಕೆ ಅಂತ ಕಾಲೇಜಿಗೆ ಬರಿ. ಪಿಜ್ಜಾನೂ ಬರಿ.”

“ಸೀಟು ಹೋದ್ರೆ?”

“ಹೋದ್ರೆ ಹೋಗ್ಲಿ, ಸುಳ್ಳಿಂದ ಬೇಡ,” ಎಂದೆನೇನೋ ನಿಜ. ಹಳೆಯ ಟಿಕ್ ತೆಗೆದು, ಅಷ್ಟು ಕಠಿಣವಲ್ಲದ ವಿಷಯಗಳ ಕೆಳಗಿನ ಚೌಕಕ್ಕೆ ಹಾಕಿ, ಅವಳ ಪತ್ರದ ಜೊತೆ ಕಳಿಸಿದೆ. ಆದರೆ ಆ ಕಾಲೇಜು ಬಿಟ್ಟರೆ ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಲಕೋಟೆ ಹಿಡಿದು ನನ್ನ ಕೋಣೆಗೆ ಬಂದಳು. “ನೀವೇ ನೋಡಿ, ನನ್ ಕೈಲಾಗಲ್ಲ.”

ಮೊದಲ ಸಾಲು ಓದುತ್ತಲೇ ಎರಡು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿಯಿತು. “ಸಿಕ್ತು ಕಣೇ!” ಎಂದು ಕೂಗಿಬಿಟ್ಟೆ. ಅವಳು ಕುರ್ಚಿಗೆ ಕುಸಿದು ಅತ್ತಳು, ನಾನೂ ಅತ್ತೆ.

ಪತ್ರದ ಕೆಳಗೆ ಕಾಲೇಜಿನವರು ಯಾರೋ ಪೆನ್ನಿನಲ್ಲಿ ಬರೆದಿದ್ದರು: ‘ಇಲ್ಲಿ ಕ್ಯಾಲ್ಕುಲಸ್ ತಪ್ಪಿಸುವಂತಿಲ್ಲ. ತರಗತಿ ಬೆಳಿಗ್ಗೆ ಹತ್ತು ಗಂಟೆಗೆ. ನಮ್ಮ ಅಂಗಳಕ್ಕೂ ಐಸ್ ಗಾಡಿ ಓಡಿಸುವವರು ಬೇಕು.’

ಅದನ್ನೂ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

“ಹತ್ತಕ್ಕಾ? ಹಂಗಾದ್ರೆ ಎರಡೂ ಆಗತ್ತೆ.”